ಎಲೆ ಕೆಳಗಿಡುವುದನ್ನು ಮೊದಲು ಕಲಿಯಿರಿ

(ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ ಸಂಜೆ ಪೋಕರ್ ಎಲೆಯಾಟದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಕತ್ತರಿಸಿದ್ದೇನೆ.)

ರಮ್ಮಿ ಬರದವರು ಕೈ ಎತ್ತಿ ಅಂದೆ, ಮೂರ್ನಾಲ್ಕು ಕೈ ಮೇಲೆ ಬಂದವು. ಮೂರೆಲೆ ಬರದವರು ಅಂದೆ, ಒಂದು ಕೈಯೂ ಏಳಲಿಲ್ಲ, ಬರೀ ನಗು ಬಂತು. ಒಳ್ಳೇದೇ ಆಯಿತು. ದೀಪಾವಳಿ ರಾತ್ರಿ ಜಗಲಿಯಲ್ಲಿ ಚಾಪೆ ಹಾಸಿ ಕೂತವರಿಗೆ, ಮದುವೆ ಮನೆಯಲ್ಲಿ ತರಕಾರಿ ಹೆಚ್ಚುವವರು ಹೆಚ್ಚುತ್ತಿರುವಾಗ ಹಿಂದಿನ ರೂಮಿನಲ್ಲಿ ಎಲೆ ಕಲಸಿದವರಿಗೆ ಪೋಕರ್ ಪೂರ್ತಿ ಹೊಸದೇನಲ್ಲ. ಕಷ್ಟ ಇರುವುದು ಬೇರೆ ಕಡೆ. ಮೂರೆಲೆಯಿಂದ ಕೆಲವು ಅಭ್ಯಾಸಗಳನ್ನು ಜೊತೆಗೇ ತರುತ್ತೇವೆ, ಪೋಕರ್‌ನಲ್ಲಿ ಅವೇ ನಮ್ಮನ್ನು ಮುಳುಗಿಸುತ್ತವೆ.

ಮೊದಲು ಒಂದು ಚಿಕ್ಕದನ್ನು ಹೇಳುತ್ತೇನೆ. ಮೂರೆಲೆಯಲ್ಲಿ ಸೀಕ್ವೆನ್ಸ್, ಅಂದರೆ ಸಾಲಾಗಿ ಬರುವ ಎಲೆಗಳು, ಬಂದರೆ ಕಲರ್, ಅಂದರೆ ಒಂದೇ ಜಾತಿಯ ಎಲೆಗಳು, ಸೋಲುತ್ತದೆ. ಪೋಕರ್‌ನಲ್ಲಿ ಉಲ್ಟಾ. ಅಲ್ಲಿ ಕಲರ್‌ಗೆ ಫ್ಲಶ್ ಅನ್ನುತ್ತಾರೆ, ಸೀಕ್ವೆನ್ಸ್‌ಗೆ ಸ್ಟ್ರೇಟ್, ಮತ್ತು ಫ್ಲಶ್ಶೇ ದೊಡ್ಡದು. ಯಾರೋ ಕೂತು ಸುಮ್ನೆ ಹಾಕಿದ ನಿಯಮ ಅಲ್ಲ ಇದು, ಎಣಿಸಿ ನೋಡಿ. 52 ಎಲೆಯಲ್ಲಿ ಮೂರು ತೆಗೆಯುವುದಕ್ಕೆ 22,100 ದಾರಿ ಇದೆ. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಸೀಕ್ವೆನ್ಸ್ ಅಪರೂಪ, ಅದಕ್ಕೇ ಬೆಲೆ ಜಾಸ್ತಿ. ಐದು ಎಲೆ ತೆಗೆಯುವುದಕ್ಕೆ 25,98,960 ದಾರಿ. ಇಲ್ಲಿ ಸ್ಟ್ರೇಟ್ 10,200 ಆದರೆ ಫ್ಲಶ್ 5,108 ಮಾತ್ರ. ಎಲೆ ಎರಡು ಜಾಸ್ತಿ ಆದದ್ದಕ್ಕೆ ಲೆಕ್ಕ ತಿರುಗಿತು. ಇನ್ನೊಂದು ತಮಾಷೆ ನೋಡಿ. ಮೂರೆಲೆಯಲ್ಲಿ ಟ್ರಯಲ್, ಅಂದರೆ ಮೂರೂ ಒಂದೇ ಥರ, ಬರುವ ದಾರಿ 52, ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಜಾತಿಯ ಸೀಕ್ವೆನ್ಸ್, ಬರುವ ದಾರಿ 48. ಅಂದರೆ ಪ್ಯೂರ್ ಸೀಕ್ವೆನ್ಸೇ ಹೆಚ್ಚು ಅಪರೂಪ, ಆದರೂ ನಾವೆಲ್ಲ ಟ್ರಯಲ್‌ಗೆ ತಲೆಬಾಗುತ್ತೇವೆ! ಮೂರು ಎಕ್ಕ ಕೈಯಲ್ಲಿ ಹಿಡಿದಾಗಿನ ಖುಷಿಗೆ ಲೆಕ್ಕ ಕೇಳುವವರು ಯಾರು?

ಪೋಕರ್‌ನ ಪೂರ್ತಿ ಏಣಿ ಕೆಳಗಿನಿಂದ ಮೇಲಕ್ಕೆ ಹೀಗೆ: ಏನೂ ಇಲ್ಲದ್ದು, ಒಂದು ಜೋಡಿ, ಎರಡು ಜೋಡಿ, ಮೂರು ಒಂದೇ ಥರ, ಸ್ಟ್ರೇಟ್, ಫ್ಲಶ್, ಮೂರರ ಜೊತೆ ಒಂದು ಜೋಡಿ ಸೇರಿದ ಫುಲ್ ಹೌಸ್, ನಾಲ್ಕೂ ಒಂದೇ, ಕೊನೆಗೆ ಸ್ಟ್ರೇಟ್ ಫ್ಲಶ್. ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ, ನಾಚಿಕೆ ಬೇಡ.

ಎಲೆ ಹಂಚುವ ಮುಂಚೆ ದುಡ್ಡಿನ ವಿಚಾರ ಮುಗಿಸಿಬಿಡೋಣ. ಕಾನೂನು ಈ ಆಟದ ಬಗ್ಗೆ ಒಂದೇ ಮಾತು ಹೇಳಿಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಅಂತ ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇಲ್ಲ, ಇದು ಜೂಜೇ ಅಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಲ್ಲಿಸಲು ಪೊಲೀಸ್ ಕಾಯ್ದೆ ತಿದ್ದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂತು: ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡಿಸುವುದು, ಅದಕ್ಕೆ ಜಾಹೀರಾತು ಕೊಡುವುದು ಎರಡೂ ಇಲ್ಲ, ಕೌಶಲದ ಆಟ ಅಂದರೂ ಇಲ್ಲ. ಇಷ್ಟೆಲ್ಲ ಹೇಳಿದ್ದು ವಕೀಲಿ ಮಾಡುವುದಕ್ಕಲ್ಲ. ಕಲಿಯುವವರು ಈ ಗೋಜಿಗೇ ಹೋಗಬೇಕಿಲ್ಲ, ದುಡ್ಡಿಲ್ಲದೆ ಆಡಿ. ಇದು ನನ್ನ ಶರತ್ತು ಅಂತಲೇ ಇಟ್ಟುಕೊಳ್ಳಿ.

ಆದರೆ ಏನನ್ನೂ ಕಟ್ಟದೆ ಪೋಕರ್ ಆಡಲು ಆಗುವುದಿಲ್ಲ. ಕಟ್ಟುವುದೇ ಆಟ, ಎಲೆ ಬರೀ ನೆಪ. ಅದಕ್ಕೆ ನಮ್ಮ ಮನೆಯಲ್ಲಿ ಕಾಫಿ ಬೀಜ ಇಟ್ಟುಕೊಂಡಿದ್ದೇವೆ. ಅರೇಬಿಕಾ ಬೀಜ ಉದ್ದ, ರೊಬಸ್ಟಾ ದುಂಡಗೆ, ಕಣ್ಣಿಗೇ ಗೊತ್ತಾಗುತ್ತದೆ. ಅರೇಬಿಕಾ ಹತ್ತಕ್ಕೆ, ರೊಬಸ್ಟಾ ಒಂದಕ್ಕೆ. ಮುಂದಿನ ಸಾಲಿನಲ್ಲಿದ್ದ ಮೂಡಿಗೆರೆ ಕಡೆಯ ಗೌಡರು ತಕ್ಷಣ ತಕರಾರು ತೆಗೆದರು, "ಈಗಿನ ರೇಟಲ್ಲಿ ರೊಬಸ್ಟಾನ ಅಷ್ಟು ಕಡೆಗಣಿಸ್ಬೇಡಿ ಮೇಷ್ಟ್ರೇ" ಅಂತ. ಆಗಲಿ, ನಿಮ್ಮ ಮನೆಯಲ್ಲಿ ನಿಮ್ಮ ರೇಟು. ಒಂದು ಮಾತ್ರ ನೆನಪಿರಲಿ: ಬೀಜ ಎಣಿಸಿ ಕೊಡಿ, ಖಾಲಿ ಆದವರು ಎದ್ದು ಕಾಫಿ ಮಾಡಲಿ. ಮತ್ತೆ ಮತ್ತೆ ಬೊಗಸೆ ತುಂಬಿ ಕೊಟ್ಟರೆ ಯಾರೂ ಯೋಚನೆ ಮಾಡಿ ಆಡುವುದಿಲ್ಲ.

ಈಗ ಆಟ. ಎಲ್ಲರೂ ಹೆಚ್ಚಾಗಿ ಆಡುವ ಟೆಕ್ಸಸ್ ಹೋಲ್ಡೆಮ್ ಒಂದನ್ನೇ ಹೇಳುತ್ತೇನೆ. ಪ್ರತಿಯೊಬ್ಬರಿಗೂ ಎರಡು ಎಲೆ, ಮುಚ್ಚಿ. ಹಂಚುವವರ ಎಡಕ್ಕೆ ಕೂತ ಇಬ್ಬರು ಎಲೆ ನೋಡುವ ಮುಂಚೆಯೇ ಸ್ವಲ್ಪ ಕಟ್ಟಬೇಕು, ಒಂದು ಬೀಜ ಮತ್ತು ಎರಡು ಬೀಜ ಅಂದುಕೊಳ್ಳಿ. ಇವೇ ಬ್ಲೈಂಡ್. ಮೂರೆಲೆಯ ಬ್ಲೈಂಡ್ ನಮ್ಮ ಇಷ್ಟ, ಇಲ್ಲಿ ಅದು ಸರದಿ. ಆಮೇಲೆ ಒಬ್ಬೊಬ್ಬರಾಗಿ ಹೇಳಬೇಕು: ಅಷ್ಟೇ ಕಟ್ಟುತ್ತೇನೆ ಅಂದರೆ ಕಾಲ್, ಏರಿಸುತ್ತೇನೆ ಅಂದರೆ ರೈಸ್, ಬೇಡ ಅಂದರೆ ಫೋಲ್ಡ್. ಒಂದು ಸುತ್ತು ಮುಗಿದ ಮೇಲೆ ಮಧ್ಯದಲ್ಲಿ ಮೂರು ಎಲೆ ತೆರೆದಿಡುತ್ತಾರೆ, ಅದು ಫ್ಲಾಪ್. ಮತ್ತೆ ಕಟ್ಟುವ ಸುತ್ತು. ನಾಲ್ಕನೇ ಎಲೆ ಟರ್ನ್, ಮತ್ತೆ ಸುತ್ತು. ಐದನೇದು ರಿವರ್, ಕೊನೆ ಸುತ್ತು. ಮಧ್ಯದ ಐದು ಎಲ್ಲರಿಗೂ ಸೇರಿದ್ದು, ಕೈಯ ಎರಡು ನಮ್ಮದು, ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ.

ರಮ್ಮಿ ಆಡುವವರಿಗೆ ಇಲ್ಲಿ ಸ್ವಲ್ಪ ಗಲಿಬಿಲಿ ಆಗುತ್ತದೆ. ರಮ್ಮಿಯಲ್ಲಿ ಕಣ್ಣೆಲ್ಲ ನಮ್ಮ ಹದಿಮೂರು ಎಲೆಯ ಮೇಲೆ. ಇಲ್ಲಿ ನಮ್ಮ ಎರಡು ಎಲೆ ಒಂದು ಸಲ ನೋಡಿದರೆ ಮುಗಿಯಿತು, ಉಳಿದ ಹೊತ್ತೆಲ್ಲ ಮಧ್ಯದ ಎಲೆಗಳು ಎದುರಿನವರಿಗೆ ಏನು ಮಾಡಿಕೊಟ್ಟಿರಬಹುದು ಅಂತ ನೋಡುವುದೇ ಕೆಲಸ. ಮಧ್ಯದಲ್ಲಿ ನಾಲ್ಕು ಆಟೀನು ಬಿದ್ದಿದೆ, ನಿಮ್ಮ ಹತ್ತಿರ ಎರಡು ಎಕ್ಕ ಇದೆ, ಎರಡೂ ಆಟೀನಲ್ಲ. ಆಗ ನಿಮ್ಮದು ಒಳ್ಳೆ ಕೈ ಅಲ್ಲ. ಯಾರ ಹತ್ತಿರ ಒಂದೇ ಒಂದು ಆಟೀನು ಇದ್ದರೂ ನೀವು ಸೋತಿರಿ.

ಇನ್ನು ತಲೆಬರಹದ ಮಾತಿಗೆ ಬರುತ್ತೇನೆ, ಸಂಜೆಯ ಅರ್ಧ ಹೊತ್ತು ಇದಕ್ಕೇ ಹೋಯಿತು.

ಮೂರೆಲೆಯಲ್ಲಿ ಎಲೆ ಬಿಟ್ಟು ಪ್ಯಾಕ್ ಮಾಡಿದರೆ ಪಕ್ಕದವನು ಬಿಡುತ್ತಾನಾ? "ಇಷ್ಟಕ್ಕೇ ಹೆದರ್ಕೊಂಡ್ರಾ" ಅನ್ನುತ್ತಾನೆ. ಆ ಮಾತು ಕೇಳಬಾರದು ಅಂತಲೇ ನಾವು ಕೆಟ್ಟ ಎಲೆ ಇಟ್ಟುಕೊಂಡು ಮತ್ತೆರಡು ಸುತ್ತು ಕಟ್ಟುತ್ತೇವೆ. ಪೋಕರ್‌ನಲ್ಲಿ ಬುದ್ಧಿವಂತರು ಹೆಚ್ಚು ಹೊತ್ತು ಮಾಡುವ ಕೆಲಸವೇ ಎಲೆ ಕೆಳಗಿಡುವುದು. ಯಾಕೆ ಅಂತ ನೋಡಿ. ಎರಡು ಎಲೆ ಬರುವುದಕ್ಕೆ 1,326 ದಾರಿ ಇದೆ. ಯಾವುದಾದರೂ ಜೋಡಿ ಬರುವುದು 17 ಸಲಕ್ಕೆ ಒಂದು. ಎರಡು ಎಕ್ಕವೇ ಬೇಕು ಅಂದರೆ 221 ಸಲಕ್ಕೆ ಒಂದು. ಜೋಡಿ ಇಲ್ಲದ ಎರಡು ಎಲೆ ಹಿಡಿದು ಫ್ಲಾಪ್ ನೋಡಿದರೆ, ಮೂರರಲ್ಲಿ ಎರಡು ಸಲ ನಿಮ್ಮ ಎಲೆಗೆ ಅಲ್ಲಿ ಜೋಡಿ ಸಿಗುವುದಿಲ್ಲ. ಹೆಚ್ಚು ಸಲ ಏನೂ ಬರುವುದಿಲ್ಲ ಅನ್ನುವುದೇ ಈ ಆಟದ ಸ್ವಭಾವ. ಹಾಗಿರುವಾಗ ಬಂದ ಎಲೆಗೆಲ್ಲ ಕಾಲ್ ಅನ್ನುತ್ತಾ ಹೋದರೆ ಬೀಜ ಎಲ್ಲಿ ಉಳಿಯುತ್ತದೆ?

ಎಂಟೊಂಬತ್ತು ಜನ ಕೂತ ಟೇಬಲ್ಲಿನಲ್ಲಿ ಹೊಸಬರು ಐದಾರು ಸಲಕ್ಕೆ ಒಂದು ಕೈ ಆಡಿದರೆ ಸಾಕು ಅನ್ನುವುದು ನನ್ನ ಲೆಕ್ಕ. ದೊಡ್ಡ ಜೋಡಿಗಳು, ಎಕ್ಕದ ಜೊತೆ ರಾಜ, ರಾಣಿ ಅಥವಾ ಗುಲಾಮ, ರಾಜ-ರಾಣಿ, ಸಿಕ್ಕರೆ ಚಿಕ್ಕ ಜೋಡಿಗಳನ್ನು ಕಡಿಮೆ ಬೆಲೆಗೆ. ಚಿಕ್ಕ ಜೋಡಿ ಹಿಡಿದವರು ಕಾಯುವುದು ಅದೇ ಎಲೆ ಮೂರನೇದು ಬರಲಿ ಅಂತ. ಅದು ಫ್ಲಾಪ್‌ನಲ್ಲಿ ಬರುವುದು ಎಂಟೊಂಬತ್ತು ಸಲಕ್ಕೆ ಒಂದು. ಬರದಿದ್ದರೆ ಮುಖ ಗಂಟು ಹಾಕದೆ ಬಿಟ್ಟುಬಿಡಿ. ಎಕ್ಕದ ಜೊತೆ ನಾಲ್ಕು, ಐದು ಇಟ್ಟುಕೊಂಡು ಕೂರುವುದು ನಮ್ಮವರ ದೊಡ್ಡ ಚಟ. ಎಕ್ಕ ಬಿತ್ತು ಅಂದುಕೊಳ್ಳಿ, ಎದುರಿನವನ ಹತ್ತಿರ ಎಕ್ಕ-ರಾಜ ಇದ್ದರೆ? ಗೆದ್ದರೆ ನಾಲ್ಕು ಬೀಜ ಗೆಲ್ಲುತ್ತೀರಿ, ಸೋತರೆ ಬೊಗಸೆಗಟ್ಟಲೆ ಸೋಲುತ್ತೀರಿ.

ಕಡೂರಿನಿಂದ ಬಂದಿದ್ದ ಒಬ್ಬ ಹುಡುಗ ಎದ್ದು, "ಸಾರ್, ಹಂಗಾದ್ರೆ ಬೋರ್ ಆಗಲ್ವಾ?" ಅಂದ. ಆಗುತ್ತದೆ, ಮತ್ತು ಆ ಬೋರೇ ಹೊಸಬರನ್ನು ತಿನ್ನುತ್ತದೆ, ಕೆಟ್ಟ ಎಲೆ ಅಲ್ಲ. ಬೋರ್ ಆದಾಗ ಮಾಡುವುದಕ್ಕೆ ಕೆಲಸ ಇದೆ. ನೀವು ಆಡದ ಕೈಗಳನ್ನೇ ನೋಡಿ. ಯಾರು ಯಾವಾಗ ಏರಿಸಿದರು, ಕೊನೆಗೆ ಏನು ತೋರಿಸಿದರು? ಎಲೆ ತೋರಿಸುವ ಮುಂಚೆ ಮನಸ್ಸಿನಲ್ಲೇ ಊಹೆ ಮಾಡಿ, ಆಮೇಲೆ ತಾಳೆ ಹಾಕಿ. ಬೀಜ ಕಳೆಯದೆ ಕಲಿಯುವ ಹೊತ್ತು ಅದೊಂದೇ.

ಕೂತ ಜಾಗದ ಬಗ್ಗೆಯೂ ಒಂದು ಮಾತು. ಫ್ಲಾಪ್ ಆದ ಮೇಲೆ ಹಂಚುವವರ ಸ್ಥಾನದಲ್ಲಿ ಇರುವವರೇ ಕೊನೆಗೆ ಹೇಳುವವರು, ಅದನ್ನು ಬಟನ್ ಅನ್ನುತ್ತಾರೆ. ಉಳಿದವರೆಲ್ಲ ಏನು ಮಾಡಿದರು ಅಂತ ನೋಡಿ ಆಮೇಲೆ ತೀರ್ಮಾನ ಮಾಡುವ ಅನುಕೂಲ ಅವರಿಗೆ. ಅದೇ ರಾಜ-ಹತ್ತು ಮೊದಲು ಹೇಳುವವರ ಕೈಯಲ್ಲಿ ಕೆಟ್ಟ ಕೈ, ಬಟನ್‌ನಲ್ಲಿ ಆಡಬಹುದಾದ ಕೈ. ಎಲೆ ಬದಲಾಗಲಿಲ್ಲ, ಕೂತ ಜಾಗ ಬದಲಾಯಿತು ಅಷ್ಟೇ.

ಲೆಕ್ಕದ ಭಾಗ ಬಂದಾಗ ಇಬ್ಬರು ಫೋನ್ ಮಾತಾಡಿ ಬರುತ್ತೇವೆ ಅಂತ ಎದ್ದು ಹೋದರು. ಹೋಗಬೇಡಿ, ಇದು ಎಂಟನೇ ಕ್ಲಾಸಿನ ಭಾಗಾಕಾರ ಅಷ್ಟೇ. ಮಧ್ಯದಲ್ಲಿ 60 ಬೀಜ ಇದೆ. ಟರ್ನ್ ಆಗಿದೆ, ಇನ್ನೊಂದೇ ಎಲೆ ಬಾಕಿ. ಎದುರಿನವನು 20 ಕಟ್ಟಿದ. ಈಗ ಅಲ್ಲಿ 80 ಇದೆ, ನೀವು 20 ಹಾಕಬೇಕು, ಹಾಕಿದರೆ ಒಟ್ಟು 100. ನೂರರಲ್ಲಿ ನಿಮ್ಮದು 20, ಅಂದರೆ ನೂರಕ್ಕೆ 20 ಸಲ ಗೆದ್ದರೆ ನಷ್ಟವಿಲ್ಲ. ನಿಮ್ಮ ಎಲೆ, ಮಧ್ಯದ ಎಲೆ ಸೇರಿ ಇಸ್ಪೀಟು ಜಾತಿಯ ನಾಲ್ಕು ಎಲೆ ಕೂಡಿದೆ, ಐದನೇದು ಬಂದರೆ ಫ್ಲಶ್. ಒಂದು ಜಾತಿಯಲ್ಲಿ 13 ಎಲೆ, ನಾಲ್ಕು ಕಣ್ಣೆದುರಿಗಿದೆ, ಉಳಿದದ್ದು 9. ನಿಮಗೆ ಕಾಣದ ಎಲೆ 46. ಒಂಬತ್ತನ್ನು ನಲವತ್ತಾರರಿಂದ ಭಾಗಿಸಿ, ನೂರಕ್ಕೆ 19.6. ಹೆಚ್ಚುಕಡಿಮೆ ಸಮ, ಕಾಲ್ ಮಾಡಬಹುದು. ಅದೇ ಅವನು 20ರ ಬದಲು 60 ಕಟ್ಟಿದ್ದರೆ? ಒಟ್ಟು 180ರಲ್ಲಿ ನಿಮ್ಮದು 60, ಮೂರಕ್ಕೆ ಒಂದು ಸಲ ಗೆಲ್ಲಬೇಕು. ನಿಮಗಿರುವುದು ಐದಕ್ಕೆ ಒಂದು. ಕೆಳಗಿಡಿ. ಎಲೆ ಅದೇ, ಆಸೆಯೂ ಅದೇ, ಆದರೆ ಅವನು ಕೇಳಿದ ಬೆಲೆ ಜಾಸ್ತಿ ಆಯಿತು.

ಟೇಬಲ್ಲಿನಲ್ಲಿ ಕೂತು ಭಾಗಾಕಾರ ಆಗದಿದ್ದರೆ ಸುಲಭದ ದಾರಿ ಇದೆ. ನಿಮ್ಮನ್ನು ಗೆಲ್ಲಿಸುವ ಎಲೆಗಳನ್ನು ಎಣಿಸಿ, ಎರಡರಿಂದ ಗುಣಿಸಿ. ಒಂದು ಎಲೆ ಬರುವಾಗ ನೂರಕ್ಕೆ ಹತ್ತಿರ ಹತ್ತಿರ ಅಷ್ಟು ಸಾಧ್ಯತೆ. 5, 6, 8, 9 ಇದೆ, ಮಧ್ಯದ 7 ಬೇಕು ಅಂದರೆ ನಾಲ್ಕೇ ಎಲೆ, ನೂರಕ್ಕೆ ಎಂಟೊಂಬತ್ತು. ಈ ಏಳಿಗಾಗಿ ಕಾದು ಹಾಳಾದವರು ಬೇಕಾದಷ್ಟು ಜನ! ಫ್ಲಾಪ್ ಆದ ಮೇಲೆ ಎರಡು ಎಲೆ ಬಾಕಿ ಇದ್ದಾಗ ನಾಲ್ಕರಿಂದ ಗುಣಿಸಿ ಅಂತ ಹೇಳಿಕೊಡುತ್ತಾರೆ. ಅದು ಸರಿ, ಆದರೆ ಅರ್ಧ ಮಾತು. ಎರಡೂ ಎಲೆ ನೋಡುವುದಕ್ಕೆ ಮಧ್ಯೆ ಮತ್ತೆ ಕಟ್ಟಬೇಕಾದರೆ ಆ ಲೆಕ್ಕ ನಿಲ್ಲುವುದಿಲ್ಲ. ಯಾರಾದರೂ ಇದ್ದದ್ದೆಲ್ಲ ಇಟ್ಟಾಗಿದೆ, ಇನ್ನು ಕಟ್ಟುವುದು ಬಾಕಿ ಇಲ್ಲ ಅಂದಾಗ ಮಾತ್ರ ನಾಲ್ಕರ ಗುಣಾಕಾರ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸೋಲುತ್ತೀರಿ. ತಲೆಗೆ ಹತ್ತಿಸಿಕೊಳ್ಳುವುದು ಕಷ್ಟ ಇರುವುದು ಇದೇ. ಎಲೆ ನೋಡುವ ಹೊತ್ತಿಗೇ ಇಬ್ಬರೂ ಎಲ್ಲವನ್ನೂ ಇಟ್ಟರು, ನಿಮ್ಮದು ಎರಡು ಎಕ್ಕ, ಅವನದು ಎರಡು ರಾಜ. ಇದಕ್ಕಿಂತ ಒಳ್ಳೆಯ ಜಾಗ ಈ ಆಟದಲ್ಲಿ ಕಡಿಮೆ. ಆದರೂ ನೂರಕ್ಕೆ 18 ಸಲ ರಾಜನೇ ಗೆಲ್ಲುತ್ತಾನೆ. ಎಲ್ಲಕ್ಕಿಂತ ಕೆಟ್ಟ ಕೈ ಅನ್ನಿಸಿಕೊಂಡ, ಬೇರೆ ಬೇರೆ ಜಾತಿಯ ಏಳು-ಎರಡು ಕೂಡ ಎರಡು ಎಕ್ಕದ ಎದುರು ಎಂಟೊಂಬತ್ತು ಸಲಕ್ಕೊಂದು ಗೆಲ್ಲುತ್ತದೆ. ಆ ಒಂದು ಸಲ ಗೆದ್ದವನು ಅದನ್ನು ಊರೆಲ್ಲ ಹೇಳಿಕೊಂಡು ಬರುತ್ತಾನೆ.

ನಮ್ಮ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ ಮುಗಿಯುತ್ತಾ ಬಂತು, ರೊಬಸ್ಟಾ ಗಿಡದಲ್ಲಿ ಮೊಗ್ಗು ಕಾಯುತ್ತಿದೆ, ಅದನ್ನು ಅರಳಿಸುವ ಹೂಮಳೆ ಇಲ್ಲ. ಸ್ಪ್ರಿಂಕ್ಲರ್ ಹಾಕಬೇಕಾ, ಕಾಯಬೇಕಾ? ಕೆರೆಯಲ್ಲಿ ನೀರೆಷ್ಟಿದೆ, ಡೀಸೆಲ್ ಎಷ್ಟಾಗುತ್ತದೆ, ಹೂ ಬಿಟ್ಟ ಮೇಲೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು, ಕೊಡುವುದಕ್ಕೆ ನೀರು ಉಳಿಯುತ್ತದಾ ಅಂತ ಎಲ್ಲ ನೋಡಿ ಹಾಕಿದಿರಿ. ಎರಡು ದಿನ ಬಿಟ್ಟು ಒಳ್ಳೆ ಮಳೆ ಬಂತು. ಮನೆಯಲ್ಲಿ "ಸುಮ್ನೆ ಡೀಸೆಲ್ ಸುಟ್ರಿ" ಅಂದರು. ಸುಟ್ಟದ್ದು ನಿಜ. ಆದರೆ ಆವತ್ತು ಗೊತ್ತಿದ್ದಷ್ಟರಲ್ಲಿ ಮಾಡಿದ್ದು ಸರಿಯೇ ಅಲ್ವಾ? ಪಕ್ಕದ ತೋಟದವರು ಏನೂ ನೋಡದೆ ಸೋಮಾರಿತನಕ್ಕೆ ಸುಮ್ಮನಿದ್ದರು, ಅವರಿಗೆ ಡೀಸೆಲ್ ಉಳಿಯಿತು. ಮುಂದಿನ ವರ್ಷ ಅವರ ಸಲಹೆ ಕೇಳಿ ನಡೆಯುತ್ತೀರಾ? ಎಕ್ಕ ಇಟ್ಟುಕೊಂಡು ಸೋತ ದಿನ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಏಳು-ಎರಡು ಇಟ್ಟುಕೊಂಡು ಗೆದ್ದ ದಿನ ಬೆನ್ನು ತಟ್ಟಿಕೊಳ್ಳಲೂ ಬೇಡಿ.

ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: ಅಮೆರಿಕದಲ್ಲಿ ಯಾರೋ ಅಕೌಂಟೆಂಟ್ ಆನ್‌ಲೈನ್‌ನಲ್ಲಿ ಆಡಿ ಕೋಟಿಗಟ್ಟಲೆ ಗೆದ್ದನಂತಲ್ಲ? ಗೆದ್ದ, 2003ರಲ್ಲಿ. ಕ್ರಿಸ್ ಮನಿಮೇಕರ್, ಹುಟ್ಟಿದಾಗಿನಿಂದ ಇದ್ದ ನಿಜವಾದ ಹೆಸರೇ ಅದು. ಆನ್‌ಲೈನ್ ಆಟವೊಂದರಲ್ಲಿ ಸೀಟು ಗೆದ್ದುಕೊಂಡು ಲಾಸ್ ವೇಗಸ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದ. ಆ ಟೂರ್ನಮೆಂಟಿನಲ್ಲಿ ಕೂತವರು 839 ಜನ. ನಿಮಗೆ ಗೊತ್ತಿರುವುದು ಎಷ್ಟು ಜನರ ಹೆಸರು?

ಬ್ಲಫ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿನಿಮಾದಲ್ಲಿ ನೋಡಿದ್ದು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವುದು. ಮುಖ ಕಲ್ಲಾಗಿರಬೇಕು ಅನ್ನುವುದಕ್ಕೆ ಅಷ್ಟು ಬೆಲೆ ಕೊಡಬೇಡಿ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಮಾಡಿದ ಪ್ಲೂರಿಬಸ್ ಅನ್ನುವ ಪ್ರೋಗ್ರಾಂ ಆರು ಜನರ ಆಟದಲ್ಲಿ ಪಳಗಿದ ಆಟಗಾರರನ್ನೇ ಸೋಲಿಸಿತು. ಅದಕ್ಕೆ ಮುಖವೇ ಇಲ್ಲ, ಎದುರಿನವರ ಮುಖ ಕಾಣುವುದೂ ಇಲ್ಲ. ಆದರೂ ಬ್ಲಫ್ ಮಾಡುತ್ತದೆ, ಯಾಕೆಂದರೆ ಬ್ಲಫ್ ಕೂಡ ಲೆಕ್ಕವೇ. ಜಾನ್ ವಾನ್ ನಾಯ್ಮನ್ ಅನ್ನುವ ಗಣಿತಜ್ಞ 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲಿ ಪೋಕರ್‌ನ ಸಣ್ಣ ಮಾದರಿ ಮಾಡಿ ಇದನ್ನು ತೋರಿಸಿದ್ದ. ಅವನ ಲೆಕ್ಕದಲ್ಲಿ ದೊಡ್ಡದಾಗಿ ಕಟ್ಟಬೇಕಾದದ್ದು ತುಂಬಾ ಒಳ್ಳೆಯ ಕೈಗೆ, ಆಮೇಲೆ ತುಂಬಾ ಕೆಟ್ಟ ಕೈಗೆ. ಮಧ್ಯಮ ಕೈಗೆ ಸುಮ್ಮನೆ ಚೆಕ್ ಅನ್ನಬೇಕು, ಅಂದರೆ ಏನೂ ಕಟ್ಟದೆ ಸರದಿ ದಾಟಿಸಬೇಕು. ಹೊಸಬರು ಮಾಡುವುದು ಸರಿಯಾಗಿ ಇದರ ಉಲ್ಟಾ. ಒಂದು ಸಾಧಾರಣ ಜೋಡಿ ಇದೆ, ಭಯ ಆಗುತ್ತಿದೆ, ಎಲ್ಲರೂ ಓಡಿಹೋಗಲಿ ಅಂತ ದೊಡ್ಡದಾಗಿ ಕಟ್ಟುತ್ತಾರೆ. ಓಡಿಹೋಗುವವರು ನಿಮಗಿಂತ ಕೆಟ್ಟ ಕೈಯವರು, ನಿಲ್ಲುವವರು ಒಳ್ಳೆ ಕೈಯವರು. ಏನು ಲಾಭ?

ಮತ್ತೆ, ಬ್ಲಫ್ ಯಾರ ಮೇಲೆ? ಎಲೆ ಕೆಳಗಿಡಲು ಬರುವವರ ಮೇಲೆ ಮಾತ್ರ. "ಏನಿದೆ ನೋಡೇಬಿಡೋಣ" ಅಂತ ಯಾವಾಗಲೂ ಕಾಲ್ ಮಾಡುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಮೇಲೆ ಬ್ಲಫ್ ಬೇಡ. ಒಳ್ಳೆ ಕೈ ಬರುವವರೆಗೆ ಕಾಯಿರಿ, ಬಂದಾಗ ಧಾರಾಳವಾಗಿ ಕಟ್ಟಿ, ಅವರೇ ಬಂದು ಬೀಜ ಸುರಿಯುತ್ತಾರೆ.

ಸಕಲೇಶಪುರದಿಂದ ಬಂದಿದ್ದ ಮೇಡಂ ಒಬ್ಬರು ಕೊಂಚ ಗಟ್ಟಿಯಾಗಿಯೇ ಕೇಳಿದರು: "ಬೀಜದಲ್ಲಿ ಶುರುವಾಗಿದ್ದು ದುಡ್ಡಿಗೆ ಹೋಗಲ್ಲ ಅಂತ ಏನು ಗ್ಯಾರಂಟಿ?" ಗ್ಯಾರಂಟಿ ಇಲ್ಲ. ಫೋನ್‌ನಲ್ಲಿ ಆಡಿ, ಸಾಲದ ಆ್ಯಪ್‌ನಲ್ಲಿ ಸಾಲ ಮಾಡಿ ಹಾಳಾದ ಮನೆಗಳು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಲ್ಲಿ ಇವೆ, ನಾನದನ್ನು ಮುಚ್ಚಿಟ್ಟು ಮಾತಾಡುವುದಿಲ್ಲ. ಒಂದು ಗುರುತು ಹೇಳಬಲ್ಲೆ. ಸೋತಾದ ಮೇಲೆ "ಹೋಗಿದ್ದನ್ನ ಇವತ್ತೇ ತೆಗೀಬೇಕು" ಅಂತ ಅನ್ನಿಸಿ ಪ್ರತಿ ಆಟದಲ್ಲೂ ಕಟ್ಟುವುದನ್ನು ಏರಿಸಲು ಶುರು ಮಾಡಿದರೆ, ಅದು ಬೀಜವೇ ಆಗಿದ್ದರೂ ಆ ಮನುಷ್ಯನನ್ನು ಎಬ್ಬಿಸಿ. ಬೀಜಕ್ಕೇ ಹಾಗೆ ಬಿಸಿ ಏರುವವರು ದುಡ್ಡಿನ ಹತ್ತಿರ ಹೋಗಲೇಬಾರದು. ಆಗಲೇ ಸಿಕ್ಕಿಹಾಕಿಕೊಂಡವರು ಮನೆಯಲ್ಲಿದ್ದರೆ ಬೈಯುವುದರಿಂದ ಏನೂ ಆಗುವುದಿಲ್ಲ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಕಲಿಯುವುದಕ್ಕೆ ನಾನು ಹೇಳಿದ ದಾರಿ ಇದು. ಮೊದಲು ಕೆಲವು ಕೈಗಳನ್ನು ಎಲ್ಲರ ಎಲೆಯನ್ನೂ ತೆರೆದಿಟ್ಟು ಆಡಿ. ನಾಲ್ಕು ಜನರ ಎರಡೆರಡು ಎಲೆ ಮೇಲ್ಮುಖವಾಗಿ ಇಡಿ, ಯಾರು ಮುಂದಿದ್ದಾರೆ ಅಂತ ಮಾತಾಡಿಕೊಳ್ಳಿ, ಫ್ಲಾಪ್ ಇಡಿ, ಈಗ ಯಾರು ಮುಂದೆ, ಹಿಂದಿರುವವರಿಗೆ ಎಷ್ಟು ಎಲೆ ಸಹಾಯಕ್ಕಿದೆ ಅಂತ ಎಣಿಸಿ. ಹತ್ತನೇ ಕ್ಲಾಸ್ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ, ಅವರ ಸಂಭವನೀಯತೆಯ ಪಾಠಕ್ಕೂ ಉಪಯೋಗ. ಎಣಿಸುವುದು ರೂಢಿ ಆದ ಮೇಲೆ ಎಲೆ ಮುಚ್ಚಿ.

ಕೊನೆಗೆ ಬೇಲೂರಿನ ಅಜ್ಜಿಯೊಬ್ಬರು, ಸಂಜೆಯೆಲ್ಲ ಸುಮ್ಮನೆ ಕೂತಿದ್ದವರು, ಕೇಳಿದರು: "ಈ ಆಟ ಎಷ್ಟೊತ್ತಿಗೆ ಮುಗಿಯುತ್ತಪ್ಪಾ? ಮೂರೆಲೆ ತರ ಬೆಳಗಿನ ಜಾವದ ತನಕ ಎಳೀತಾರಾ?" ಎಳೆಯಬೇಕಿಲ್ಲ ಅಜ್ಜಿ. ಆರು ಜನಕ್ಕೆ ತಲಾ ನೂರರ ಬೀಜ ಕೊಡಿ, ಆರು ಅರೇಬಿಕಾ, ನಲವತ್ತು ರೊಬಸ್ಟಾ. ಬ್ಲೈಂಡ್ ಒಂದು-ಎರಡರಿಂದ ಶುರು ಮಾಡಿ, ಹದಿನೈದು ನಿಮಿಷಕ್ಕೊಮ್ಮೆ ಎರಡರಷ್ಟು ಮಾಡುತ್ತಾ ಹೋಗಿ. ಒಂದೂಕಾಲು ಗಂಟೆ ಹೊತ್ತಿಗೆ ಬ್ಲೈಂಡೇ 32-64 ಆಗಿರುತ್ತದೆ, ಕಾಯುತ್ತಾ ಕೂರುವುದಕ್ಕೆ ಯಾರಿಗೂ ಆಗುವುದಿಲ್ಲ. ಊಟ ಮಾಡಿ ಎಂಟೂವರೆಗೆ ಕೂತರೆ ಹತ್ತೂವರೆ ಒಳಗೆ ಒಬ್ಬರೇ ಉಳಿದಿರುತ್ತಾರೆ.